ಉಪ್ಪುಗಾಳಿ ಊರಲ್ಲಿ ಸ್ಪ್ರೇ ಡಬ್ಬಿ: ಎಲ್ಲಿ ಬೇಕು, ಎಲ್ಲಿ ಬೇಡವೇ ಬೇಡ

ಕುಮಟಾ ತಾಲೂಕಿನ ಸಾಣಿಕಟ್ಟಾದಲ್ಲಿ ಉಪ್ಪು ಬೆಳೆಯೋಕೆ ಆಗರ ಕಟ್ಟಬೇಕು. ಧಾರೇಶ್ವರದ ಕಡಲತಡಿಯ ಮನೆಗಳಲ್ಲಿ ಹಾಗಲ್ಲ, ಗೇಟಿನ ಮೇಲೆ ಪುಕ್ಕಟೆ ಬಂದು ಕೂರತ್ತೆ! ಗಾಳಿಯಲ್ಲಿ ಬರೋ ಉಪ್ಪು ತೇವ ಎಳ್ಕೊಳ್ಳತ್ತೆ, ಹಾಗಾಗಿ ಕಬ್ಬಿಣ ಒಣಗೋದೇ ಇಲ್ಲ. ಮಳೆಗಾಲ ಮುಗಿಯೋ ಹೊತ್ತಿಗೆ ಬೀಗ ತಿರುಗಲ್ಲ, ಚಿಲಕ ಜರುಗಲ್ಲ, ಪಂಪ್‌ಸೆಟ್ಟಿನ ನಟ್ಟು ಬಿಚ್ಚಕ್ಕೆ ಬರಲ್ಲ.

ಆಗ ಎಲ್ಲರೂ ಹುಡುಕೋದು ಆ ನೀಲಿ-ಹಳದಿ ಡಬ್ಬಿ, ಡಬ್ಲ್ಯೂಡಿ-40. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ರಾಕೆಟ್ ಕೆಮಿಕಲ್ ಅನ್ನೋ ಸಣ್ಣ ಕಂಪನಿ ಇದನ್ನ ಮಾಡಿದ್ದು. ನೀರನ್ನ ಹೊರಗೆ ತಳ್ಳೋ ದ್ರವ, 40ನೇ ಪ್ರಯತ್ನಕ್ಕೆ ಸಿಕ್ತು, ಅದೇ ಹೆಸರು. ಮೊದಲು ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯಬಾರದು ಅಂತ. ಈಗ ನಮ್ಮ ಗೇಟಿಗೂ ಅದೇ ಮರ್ಯಾದೆ.

ಇದರಲ್ಲಿ ಹೆಚ್ಚಿನ ಭಾಗ ತೆಳುವಾದ ದ್ರಾವಕ. ಅದು ಸಂದಿಯೊಳಗೆ ನುಗ್ಗತ್ತೆ, ಆಮೇಲೆ ಆರಿಹೋಗತ್ತೆ. ಉಳಿಯೋದು ಎಣ್ಣೆಯ ತೆಳು ಪದರ ಅಷ್ಟೆ. ಹಾಗಾಗಿ ಗೇಟಿನ ಕೀಲಿಗೆ ಹೊಡೆದು ‘ಆಯ್ತು’ ಅಂತ ಬಿಟ್ರೆ ಸ್ವಲ್ಪ ದಿನಕ್ಕೆ ಮತ್ತೆ ಕಿರ್‌ ಅನ್ನತ್ತೆ. ಹೊಡೀರಿ, ಆಚೀಚೆ ಆಡಿಸಿ, ಕೆಂಪು ನೀರು ಒರೆಸಿ, ಮೇಲೆ ಗ್ರೀಸ್ ಹಚ್ಚಿ. ಬೈಕಿನ ಚೈನಿಗೂ ಅಷ್ಟೆ: ಕೊಳೆ ತೆಗೆಯೋಕೆ ಸ್ಪ್ರೇ, ಓಡಿಸೋಕೆ ಚೈನ್ ಎಣ್ಣೆ.

ಹಿಡಿದ ನಟ್ಟಿನ ಮೇಲೆ ಜೋರು ತೋರಿಸಬೇಡಿ, ಬೋಲ್ಟೇ ಮುರಿಯತ್ತೆ. ಹೊಡೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಒಂದು ಚಾ ಕುಡಿದು ಬನ್ನಿ. ಬಿಡದಿದ್ರೆ ಇನ್ನೊಮ್ಮೆ. ಗ್ಯಾರೇಜಿನವರ ಅರ್ಧ ವಿದ್ಯೆ ಈ ಕಾಯೋದರಲ್ಲೇ ಇದೆ ಅಂತ ನನಗನ್ನಿಸತ್ತೆ.

ಮಳೆಯಲ್ಲಿ ನೆನೆದು ಸ್ಕೂಟರ್ ಸ್ಟಾರ್ಟ್ ಆಗದಿದ್ರೆ? ಇಂಜಿನ್ ತಣ್ಣಗಿದ್ದಾಗ ಪ್ಲಗ್ಗಿನ ಟೋಪಿಗೆ ಚೂರು ಹೊಡೆದು ಒರೆಸಿ. ವಾಸನೆ ಹೋದ ಮೇಲೇ ಸ್ಟಾರ್ಟ್ ಮಾಡಿ.

ಇನ್ನು ಬೇಡದ ಜಾಗಗಳು. ಇದನ್ನ ದಯವಿಟ್ಟು ಸರಿಯಾಗಿ ಕೇಳಿ. ಡಿಸ್ಕ್ ಬ್ರೇಕ್ ಕೀಚ್ ಅಂದ್ರೂ ಅದಕ್ಕೆ ಹೊಡೀಬೇಡಿ. ಎಣ್ಣೆ ಹತ್ತಿದ ಬ್ರೇಕ್ ಹಿಡಿಯಲ್ಲ, ಹೆದ್ದಾರಿ 66ರಲ್ಲಿ ಹಿಂದೆ ಲಾರಿ ಇರತ್ತೆ. ಗ್ಯಾಸ್ ಒಲೆಯ ಗುಬ್ಬಿ ಬಿಗಿಯಾದ್ರೂ ಬೇಡ, ಇದು ಬೆಂಕಿ ಹತ್ತೋ ವಸ್ತು, ರಿಪೇರಿಯವರನ್ನ ಕರೀರಿ. ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ಹಾಳೆ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್, ಸ್ಟಿಕ್ಕರ್ ಅಂಟು ತೆಗೆಯೋಕೆ ಅಂತ ಹೊಡೆದ್ರೆ ಬಿರುಕು ಬಿಡಬಹುದು. ಈಳಿಗೆಮಣೆಗೆ, ತೆಂಗಿನಕಾಯಿ ತುರಿಯೋ ಹಲ್ಲಿಗೆ ಮಾತ್ರ ಅಜ್ಜಿಯ ಕೊಬ್ಬರಿ ಎಣ್ಣೆಯೇ ಸೈ. ಹೊಟ್ಟೆಗೆ ಹೋಗೋ ಜಾಗ ಅದು.

ಮತ್ತೆ ಡಬ್ಬಿನ ಮೇ ತಿಂಗಳ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿಟ್ಟು ಮರೀಬೇಡಿ. ಒಳಗೆ ಒತ್ತಡ ಇರತ್ತೆ, ಕಾದ್ರೆ ಒಡೀಬಹುದು.