ವೈನು, ಅದರ ಬೂಚು ಮತ್ತು ತೋಟದ ಕೂಲಿಕಾರ



ಇಂದಿನ ವಿಷಯವನ್ನು ಕೇಳಿ ಕೆಲವರು ಮೂಗು ಮುರಿದರು. ದುಡಿಯುವ ಜನರ ಮುಂದೆ ವೈನಿನ ಮಾತೇ ಎಂದರು. ಕುಡಿಯಿರೆಂದು ಹೇಳಲು ನಾವು ನಿಂತಿಲ್ಲ. ಕುಡಿತವು ಎಷ್ಟು ಮನೆಗಳ ಪಗಾರವನ್ನು ನುಂಗಿದೆಯೆಂಬುದನ್ನು ಬೆಟಗೇರಿಯ ಓಣಿಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಗದಗಿನಿಂದ ಲಕ್ಷ್ಮೇಶ್ವರಕ್ಕೆ, ಶಿರಹಟ್ಟಿಗೆ, ಮುಂಡರಗಿಗೆ ಹೋಗಿಬರುವ ನೀವೆಲ್ಲ 'ವೈನ್ ಶಾಪ್' ಎಂಬ ಬೋರ್ಡುಗಳನ್ನು ನೋಡಿದವರೇ. ಒಳಗೆ ಹೆಚ್ಚಾಗಿ ಮಾರುವದು ವ್ಹಿಸ್ಕಿ, ಬ್ರಾಂಡಿ, ರಮ್ಮು. ಈ ಅಗ್ಗದ ಮಾಲಿನ ಬಹಳಷ್ಟು ಭಾಗವು ಸಕ್ಕರೆ ಕಾರಖಾನೆಯ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್ಟು. ಬೋರ್ಡಿನ ಮೇಲೆ ದ್ರಾಕ್ಷಿ, ಬಾಟಲಿಯಲ್ಲಿ ಕಬ್ಬು! ತಕ್ಕಡಿಯಲ್ಲಿ ಹತ್ತು ಗ್ರಾಮು ಕಡಿಮೆಯಾದರೆ ಕಿರಾಣಿ ಅಂಗಡಿಕಾರನ ಕೈ ಹಿಡಿಯುವ ಸರಕಾರವು ಈ ಬೋರ್ಡಿನ ಗೋಜಿಗೆ ಮಾತ್ರ ಹೋಗುವದಿಲ್ಲ.

ಹಾಗಾದರೆ ವೈನು ಎಂದರೇನು? ಬಟ್ಟಿಯಿಳಿಸದೆ, ದ್ರಾಕ್ಷಿಯ ರಸವನ್ನು ಹುಳಿಸಿ ಮಾಡಿದ ಪೇಯವೇ ವೈನು. ಔಷಧದ ಅಂಗಡಿಯಲ್ಲಿ ಸಿಗುವ ದ್ರಾಕ್ಷಾಸವ ನಿಮಗೆ ಗೊತ್ತುಂಟು. ಅದರಲ್ಲಿಯೂ ಇದೇ ಕ್ರಿಯೆ ನಡೆದಿರುತ್ತದೆ. ಕಿಣ್ವವು ರಸದ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಅನಿಲವನ್ನೂ ಬಿಡುತ್ತದೆ. ಕಪ್ಪು ದ್ರಾಕ್ಷಿಯನ್ನು ಸಿಪ್ಪೆಯ ಸಮೇತ ಹುಳಿಸಿದರೆ ಕೆಂಪು ವೈನು, ಮೊದಲೇ ಹಿಂಡಿ ರಸವನ್ನಷ್ಟೇ ಹುಳಿಸಿದರೆ ಬಿಳಿಯದು, ಸಿಪ್ಪೆಯನ್ನು ಕೆಲವು ತಾಸು ಮಾತ್ರ ಇಟ್ಟು ತೆಗೆದರೆ ಗುಲಾಬಿ ಬಣ್ಣದ್ದು. ಸಕ್ಕರೆಯೆಲ್ಲ ತೀರಿದ ವೈನಿಗೆ 'ಡ್ರೈ' ಎನ್ನುತ್ತಾರೆ. ಅದರಲ್ಲಿ ಮದ್ಯಸಾರ ಸಾಮಾನ್ಯವಾಗಿ ನೂರಕ್ಕೆ 12ರಿಂದ 14. ಹುಳಿಯುವದನ್ನು ನಡುವೆಯೇ ತಡೆದು ಸ್ಪಿರಿಟ್ಟು ಬೆರೆಸಿ ಸಿಹಿ ಉಳಿಸಿಕೊಂಡದ್ದು ಪೋರ್ತುಗಾಲದ 'ಪೋರ್ಟ್'. ಅದರಲ್ಲಿ ಮದ್ಯಸಾರ ನೂರಕ್ಕೆ 20ರ ಹತ್ತಿರ. ನಮ್ಮಲ್ಲಿ 'ಪೋರ್ಟ್' ಎಂಬ ಚೀಟಿ ಹಚ್ಚಿಕೊಂಡು ಬರುವ ಅಗ್ಗದ ಸಿಹಿ ವೈನಿಗೂ ಅದಕ್ಕೂ ಹೆಸರಿನ ನಂಟಷ್ಟೆ. ಸಿಹಿಯಾಗಿದೆ, ಔಷಧದಂತಿದೆ ಎಂದು ಇದನ್ನು ಬಾಣಂತಿಯರಿಗೆ ಕೊಡಿಸುವವರಿದ್ದಾರೆ. ಇದು ಔಷಧವಲ್ಲ, ಕೂಸಿಗೆ ಮೊಲೆಯೂಡುವ ತಾಯಿಗೆ ಕೊಡತಕ್ಕದ್ದೂ ಅಲ್ಲ.

ನಮ್ಮ ರಾಜ್ಯದಲ್ಲಿ ಈ ಉದ್ಯಮವು ಹಳೆಯದೇನಲ್ಲ. 1949ರ ದಾರೂಬಂದಿ ಕಾಯಿದೆ ಬಂದಾಗ ಗದಗು ಮುಂಬಯಿ ಪ್ರಾಂತದಲ್ಲಿತ್ತು. ಆಗ ಇಲ್ಲಿ ವೈನಿನ ಮಾತೇ ಇರಲಿಲ್ಲ. 1988ರಲ್ಲಿ ಗ್ರೋವರ್ ಕುಟುಂಬವು ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಫ್ರಾನ್ಸಿನ ತಳಿಗಳ ತೋಟವನ್ನೆಬ್ಬಿಸಿತು. ಈಗ ನಮ್ಮ ಮುಂಡರಗಿಗೆ ಹತ್ತಿದ ಕೊಪ್ಪಳ ಜಿಲ್ಲೆಯಲ್ಲಿಯೂ ವೈನಿನ ದ್ರಾಕ್ಷಿ ಬೆಳೆಯುತ್ತಿದೆ. 2007ನೆಯ ಇಸವಿಯನ್ನು ನೀವು ನೆನಪಿಡಬೇಕು. ಆ ವರುಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದಾಯಿತು. ಹೆಣ್ಣುಮಕ್ಕಳ ಕಣ್ಣೀರು ಬೇಡಿದ ಬಂದಿ ಅದು, ತಪ್ಪೆನ್ನಲಾರೆವು. ಆದರೆ ಅದೇ ವರುಷವೇ ಸರಕಾರವು ವೈನು ನೀತಿಯನ್ನು ಹೊರಡಿಸಿತು, ವೈನ್ ಬೋರ್ಡನ್ನು ಕಟ್ಟಿತು, ರಿಯಾಯತಿಗಳನ್ನು ಕೊಟ್ಟಿತು. ಬಡವನ ಪೇಯ ಹೋಯಿತು, ಉಳ್ಳವರ ಪೇಯಕ್ಕೆ ಆರತಿ ಎತ್ತಲಾಯಿತು. ಸಾರಾಯಿ ಕುಡಿಯುತ್ತಿದ್ದವನು ವೈನಿಗೆ ಹೋಗಲಿಲ್ಲ. ಅದಕ್ಕಿಂತ ತುಟ್ಟಿಯಾದ ಕಾಕಂಬಿಯ ವ್ಹಿಸ್ಕಿಗೆ ಹೋದ.

ಇನ್ನು ಬೂಚಿನ ಮಾತು. ವ್ಯಾಪಾರಸ್ಥರು ಇದನ್ನು ಕಿವಿಗೊಟ್ಟು ಕೇಳಬೇಕು, ಏಕೆಂದರೆ ಗಿರಾಕಿಯ ಕಣ್ಣಿಗೆ ಮಣ್ಣೆರಚುವ ಕೆಲಸ ಇಲ್ಲಿಯೇ ಹೆಚ್ಚು. ಬೂಚು ಒಂದು ಜಾತಿಯ ಓಕ್ ಮರದ ತೊಗಟೆ. ಜಗತ್ತಿನ ಬೂಚಿನಲ್ಲಿ ಸುಮಾರು ಅರ್ಧ ಪೋರ್ತುಗಾಲದ್ದು. ಮರಕ್ಕೆ ಸುಮಾರು 25 ವರುಷವಾದಾಗ ಮೊದಲ ಸಲ ತೊಗಟೆ ಸುಲಿಯುತ್ತಾರೆ, ಬಳಿಕ 9 ವರುಷಕ್ಕೊಮ್ಮೆ. ಬಾಟಲಿಗೆ ತಕ್ಕ ತೊಗಟೆ ಸಿಗುವದು ಮೂರನೆಯ ಸುಲಿತದಲ್ಲಿ. ಮರವನ್ನು ಕಡಿಯುವದಿಲ್ಲ, ಕಾಡು ಕಾಡಾಗಿಯೇ ಉಳಿಯುತ್ತದೆ. ಇದು ಬೂಚಿನ ದೊಡ್ಡ ಗುಣ. ದೋಷವೆಂದರೆ ಕೆಲವು ಬೂಚುಗಳಲ್ಲಿ ಬೂಷ್ಟಿನಿಂದ ಹುಟ್ಟುವ ಒಂದು ರಸಾಯನವು ವೈನಿಗೆ ಒದ್ದೆ ಗೋಣಿಚೀಲದ ವಾಸನೆಯನ್ನು ಹತ್ತಿಸುತ್ತದೆ. ಕಣ್ಣಿಗೆ ಕಾಣದಷ್ಟು ಇದ್ದರೂ ಇಡೀ ಬಾಟಲಿ ಕೆಟ್ಟ ಹಾಗೆ.

ಇದರಿಂದ ಬೇಸತ್ತು 2000ದಲ್ಲಿ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ವೈನುಗಾರರು ಒಟ್ಟಾಗಿ ಅಲ್ಯುಮಿನಿಯಮ್ಮಿನ ತಿರುಪು ಮುಚ್ಚಳಕ್ಕೆ ಹೊರಳಿದರು. ಮರುವರುಷ ನ್ಯೂಝಿಲಂಡಿನವರೂ ಕೂಡಿಕೊಂಡರು. ನಾಸಿಕದ ಸುಲಾ ಬಾಟಲಿಗಳಲ್ಲಿಯೂ ತಿರುಪು ಮುಚ್ಚಳವೇ ಹೆಚ್ಚು. ಬೇಗನೆ ಕುಡಿಯುವ ವೈನಿಗೆ ಅದೇ ಒಳ್ಳೆಯದು. ನಮ್ಮ ಬಿಸಿಲಿಗೆ ಬೂಚು ಒಣಗಿ ಸೋರುವ ಭಯವೂ ಇಲ್ಲ. ಆದರೂ 'ಬೂಚಿದ್ದರೆ ಉತ್ತಮ ಮಾಲು' ಎಂಬ ಮೂಢ ನಂಬಿಕೆ ಹೋಗಿಲ್ಲ. ದೊಡ್ಡ ಹೊಟೆಲುಗಳಲ್ಲಿ ಬೂಚು ಕೀಳುವ ಶಾಸ್ತ್ರಕ್ಕೂ ಗಿರಾಕಿಯಿಂದ ಹಣ ಎಣಿಸಿಕೊಳ್ಳುತ್ತಾರೆ!

ಗೋಲಿ ಸೋಡಾ ಕುಡಿದ ನಮಗೆ ಮುಚ್ಚಳದ ವಿದ್ಯೆ ಹೊಸದಲ್ಲ. 1872ರ ಸುಮಾರಿಗೆ ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ಅದನ್ನು ಕಂಡುಹಿಡಿದ. ಒಳಗಿನ ಅನಿಲವೇ ಗೋಲಿಯನ್ನು ಒತ್ತಿ ಬಾಯಿ ಮುಚ್ಚುತ್ತದೆ. ಗುಳ್ಳೆಯೇಳುವ ಶಾಂಪೇನಿನಲ್ಲಿ ಇದರ ವಿರುದ್ಧ: ಎರಡನೆಯ ಹುಳಿತ ಬಾಟಲಿಯಲ್ಲಿಯೇ ನಡೆದು ಒತ್ತಡವು ಹೊರಗಿನ ಗಾಳಿಯ ಐದಾರು ಪಟ್ಟಾಗುತ್ತದೆ, ಅನಿಲ ಬೂಚನ್ನು ಹೊರದಬ್ಬುತ್ತದೆ. ಅದಕ್ಕೆಂದೇ ಬೂಚಿನ ಮೇಲೆ ತಂತಿ ಬಿಗಿಯುವದು. ಆ ಹುಳಿತ ಮುಗಿಯುವವರೆಗೆ ಅನೇಕರು ಹಾಕುವದು 1892ರಲ್ಲಿ ಅಮೇರಿಕೆಯ ವಿಲಿಯಮ್ ಪೇಂಟರ್ ಪೇಟೆಂಟ್ ಪಡೆದ, ನಮ್ಮ ಸೋಡಾ ಬಾಟಲಿಯ ತಗಡಿನ ಮುಚ್ಚಳವನ್ನೇ.

ಈಗ ಎಲ್ಲ ಕಂಪನಿಗಳೂ 'ಪರಿಸರಸ್ನೇಹಿ' ಎಂಬ ಚೀಟಿ ಹಚ್ಚತೊಡಗಿವೆ. ನಾವು ಅದನ್ನು ಮೂರು ಕಡೆ ಒರೆಗೆ ಹಚ್ಚಿ ನೋಡೋಣ. ಮೊದಲು ಬಾಟಲಿ. ವೈನಿನ ವ್ಯವಹಾರದಲ್ಲಿ ಹವೆಗೆ ಹೋಗುವ ಇಂಗಾಲದ ದೊಡ್ಡ ಪಾಲು ಗಾಜನ್ನು ಕರಗಿಸುವದರಿಂದಲೂ ಅದರ ಭಾರವನ್ನು ಸಾಗಿಸುವದರಿಂದಲೂ ಬರುತ್ತದೆ. ವೈನು ಅಷ್ಟೇ ಇದ್ದು, ಘನತೆಗಾಗಿ ಗಾಜನ್ನು ದಪ್ಪ ಮಾಡಿದ ಬಾಟಲಿಗಳುಂಟು. ಬೀರಿನ ಬಾಟಲಿಯನ್ನು ತೊಳೆದು ಮತ್ತೆ ತುಂಬುವ ರೂಢಿ ನಮ್ಮ ದೇಶದಲ್ಲಿ ಬಹುಕಾಲದಿಂದ ಇದೆ. ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಸರಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವನಿಗೆ ತಿರುಗಿ ಕೊಡುತ್ತಿವೆ. ಕಪ್ಪತಗುಡ್ಡದ ದಾರಿಯಲ್ಲಿ ಒಡೆದ ಗಾಜು ತುಳಿದ ಕುರಿಕಾಯುವ ಹುಡುಗರನ್ನು ಕೇಳಿರಿ, ನಮಗೂ ಇದು ಬೇಕೋ ಬೇಡವೋ ಹೇಳುತ್ತಾರೆ. ನಮ್ಮ ರದ್ದಿ ಅಂಗಡಿಗಳಿಗೂ ನಾಲ್ಕು ಕಾಸು ಸಿಕ್ಕೀತು.

ಎರಡನೆಯದು ನೀರು ಹಾಗು ಹಿಂಡಿ. ಒಂದು ಲೀಟರು ವೈನು ಮಾಡುವಾಗ ತೊಳೆಯುವದಕ್ಕೇ ಹಲವು ಲೀಟರು ನೀರು ಹೋಗುತ್ತದೆ. ಆ ಹುಳಿ ನೀರನ್ನು ಶುದ್ಧಿಸದೆ ಹಳ್ಳಕ್ಕೆ ಬಿಟ್ಟರೆ ಮೀನು ಉಳಿಯುವದಿಲ್ಲ. ಹಿಂಡಿದ ಸಿಪ್ಪೆ, ಬೀಜ ಮಾತ್ರ ಕಸವಲ್ಲ. ಹತ್ತಿಯ ಗಿರಣಿಯಲ್ಲಿ ಅರಳೆ ಹೋದ ಮೇಲೆ ಕಾಳಿನಿಂದ ಎಣ್ಣೆ, ಎಣ್ಣೆಯಾದ ಮೇಲೆ ದನಕ್ಕೆ ಹಿಂಡಿ ಎಂಬುದು ನಿಮಗೆ ಗೊತ್ತಿದ್ದದ್ದೇ. ದ್ರಾಕ್ಷಿಯ ಬೀಜದಿಂದಲೂ ಎಣ್ಣೆ ಬರುತ್ತದೆ, ಸಿಪ್ಪೆ ತೋಟಕ್ಕೆ ಗೊಬ್ಬರವಾಗುತ್ತದೆ.

ಮೂರನೆಯದು ಕೂಲಿಕಾರನ ಕೈ. ಚೀಟಿಯ ಮೇಲೆ ಇದರ ಹೆಸರೇ ಇರುವದಿಲ್ಲ. ಫ್ರಾನ್ಸಿನ ಬಳ್ಳಿಯು ಚಳಿಗಾಲದಲ್ಲಿ ತಾನಾಗಿ ಮಲಗಿ ವಸಂತದಲ್ಲಿ ಚಿಗುರುತ್ತದೆ. ನಮ್ಮ ಸೀಮೆಯಲ್ಲಿ ಅಂಥ ಚಳಿಯಿಲ್ಲ. ಆದ್ದರಿಂದ ವಿಜಯಪುರದ ಕಡೆ ವರುಷಕ್ಕೆರಡು ಸಲ ಚಾಟನಿ ಮಾಡುತ್ತಾರೆ. ಅಕ್ಟೋಬರದ ಚಾಟನಿಯ ಬಳಿಕ ಕಣ್ಣುಗಳೆಲ್ಲ ಒಮ್ಮೆಲೇ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಎಂಬ ಔಷಧವನ್ನು ಕಡ್ಡಿಗಳಿಗೆ ಹಚ್ಚುತ್ತಾರೆ. ಚರ್ಮವನ್ನು ಸುಡುವ ವಿಷವಿದು. ಇದು ಮೈಯೊಳಗೆ ಹೋದವನು ಅಂದೋ ಮರುದಿನವೋ ಮದ್ಯ ಮುಟ್ಟಿದರೆ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಉಸಿರು ಕಟ್ಟುತ್ತದೆ. ಮದ್ಯಸಾರವನ್ನು ಪೂರ್ತಿ ಕರಗಿಸುವ ಶಕ್ತಿಯನ್ನೇ ಅದು ದೇಹದಿಂದ ಕಸಿದಿರುತ್ತದೆ. ವೈನಿನ ತೋಟದ ಆಳಿಗೆ ವೈನೇ ವಿಷ! 2008ರಲ್ಲಿ ಯುರೋಪಿನ ಒಕ್ಕೂಟವು ತನ್ನ ರೈತರಿಗೆ ಇದನ್ನು ಬೇಡವೆಂದು ಪಟ್ಟಿಯಿಂದ ಹೊರಗಿಟ್ಟಿತು. ಇದನ್ನು ತಯಾರಿಸುವ ಕಾರಖಾನೆ ಜರ್ಮನಿಯಲ್ಲಿಯೇ ಇದೆ. ಮಾಲು ಬೇರೆ ದೇಶಗಳಿಗೆ ಹೋಗುತ್ತದೆ. ನಮ್ಮ ಕಡೆಯಿಂದ ದ್ರಾಕ್ಷಿಯ ಕೆಲಸಕ್ಕೆ ಹೋಗುವವರು ರಬ್ಬರಿನ ಕೈಚೀಲ, ಮುಖವಸ್ತ್ರ, ತೊಳೆಯಲು ನೀರು ಇವನ್ನು ಕೂಲಿಯ ಮಾತಿಗಿಂತ ಮೊದಲು ಕೇಳಬೇಕು. ಆ ದಿನಗಳಲ್ಲಿ ಒಂದು ಗುಟುಕೂ ಕುಡಿಯಕೂಡದು.

ಸಿಂಗಟಾಲೂರು ಏತ ನೀರಾವರಿಯ ನೀರು ಬಂದ ಕಡೆ ವೈನಿನ ದ್ರಾಕ್ಷಿ ಹಚ್ಚಬಹುದೇ ಎಂದು ಮುಂಡರಗಿಯ ಕಡೆಯವರು ಕೇಳುತ್ತಾರೆ. ಬಳ್ಳಿ ಬಂದೀತು. ಆದರೆ ವಿಜಯಪುರದ ರೈತನು ದರ ಬಿದ್ದಾಗ ತನ್ನ ಹಣ್ಣನ್ನು ಒಣಗಿಸಿ ಮಣೂಕ ಮಾಡಿ ತಾಸಗಾವಿಗೆ ಒಯ್ಯುತ್ತಾನೆ. ವೈನಿನ ಹಣ್ಣು ಸಣ್ಣದು, ಬೀಜದ್ದು; ಸಂತೆಯಲ್ಲಿ ಯಾರೂ ಕೊಳ್ಳುವದಿಲ್ಲ. ಮಹಾರಾಷ್ಟ್ರದಲ್ಲಿ 2009ರ ಸುಮಾರಿಗೆ ವೈನಿನ ಮಾರಾಟ ಕುಸಿದಾಗ ಬೆಳೆಗಾರರು ಹಣ್ಣು ಇಟ್ಟುಕೊಂಡು ಕುಳಿತರು, ಬಳ್ಳಿಗಳನ್ನೇ ಕಿತ್ತರು. ಫ್ರಾನ್ಸಿನ ಮರೋಸಾಂ ಎಂಬ ಊರಿನ ಸಣ್ಣ ಬೆಳೆಗಾರರು 1901ರಲ್ಲಿಯೇ ಸಹಕಾರಿ ಸಂಘ ಕಟ್ಟಿಕೊಂಡು ತಮ್ಮ ವೈನನ್ನು ತಾವೇ ಮಾರಿದರು. 1905ರಲ್ಲಿ ಸಮಾಜವಾದಿ ಮುಂದಾಳು ಝಾನ್ ಝೋರೆಸ್ ಅಲ್ಲಿಗೆ ಹೋಗಿ ಅವರ ಬೆನ್ನು ತಟ್ಟಿದನು. ಅದೇ 1905ರಲ್ಲಿ ನಮ್ಮ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿದರು. ಮುಂಡರಗಿಯವರು ಬಳ್ಳಿ ಹಚ್ಚುವ ಮೊದಲು ಸಂಘ ಕಟ್ಟಲಿ, ಕಂಪನಿಯಿಂದ ಹತ್ತು ವರುಷದ ದರವನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಲಿ. ಅದಾಗದಿದ್ದರೆ ಆ ಹೊಲದಲ್ಲಿ ಶೇಂಗಾವನ್ನೇ ಬಿತ್ತಲಿ.