ತಾರೀಖು ತಿರುಗದ ಗಡಿಯಾರ



ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರ ತಯಾರಿಸತೊಡಗಿದ ಮೇಲೆ, ಕೀಲಿ ಕೊಡುವ ಗಡಿಯಾರಗಳು ನಮ್ಮ ಎಷ್ಟೋ ಮನೆಗಳಿಗೆ ಬಂದವು. ನಿಮ್ಮ ಅಜ್ಜನದೋ ತಂದೆಯದೋ ಒಂದು ಹಳೆಯ ಗಡಿಯಾರ ಇದೆ ಎನ್ನೋಣ. ಓಡುತ್ತದೆ, ಆದರೆ ತಾರೀಖು ಮಾತ್ರ ಮಧ್ಯಾಹ್ನ ಊಟದ ಹೊತ್ತಿಗೆ ಬದಲಾಗುತ್ತದೆ. ಕೆಟ್ಟಿದೆಯೇ? ಇಲ್ಲ. ಗಂಟೆಯ ಮುಳ್ಳು ದಿನಕ್ಕೆ ಎರಡು ಸುತ್ತು ಬರುತ್ತದೆ. ಯಾವುದು ಹಗಲು, ಯಾವುದು ಇರುಳು ಎಂದು ಅದಕ್ಕೇನು ಗೊತ್ತು? ಮುಳ್ಳನ್ನು 12 ಗಂಟೆ ಮುಂದಕ್ಕೆ ತಿರುಗಿಸಿದರೆ ಸರಿಹೋಯಿತು.

ಡಯಲ್ಲಿನ ಕೆಳಗೆ 1ರಿಂದ 31ರವರೆಗೆ ಅಂಕಿಗಳಿರುವ ಬಳೆಯೊಂದಿದೆ. ಅದರ ಒಳ ಅಂಚಿನಲ್ಲಿ 31 ಹಲ್ಲುಗಳು. 24 ಗಂಟೆಗೊಮ್ಮೆ ಸುತ್ತುವ ಒಂದು ಚಕ್ರಕ್ಕೆ ಬೆರಳಿನಂಥ ಚಾಚು ಇರುತ್ತದೆ. ಅದು ರಾತ್ರಿಗೊಂದು ಹಲ್ಲನ್ನು ತಳ್ಳುತ್ತದೆ. ಬಳೆ ಅತ್ತಿತ್ತ ಜಾರದಂತೆ ಸಣ್ಣ ಸ್ಪ್ರಿಂಗ್ ಒಂದು ಎರಡು ಹಲ್ಲುಗಳ ನಡುವೆ ಕುಳಿತಿರುತ್ತದೆ. ಇಷ್ಟೇ ಯಂತ್ರ.

ಗಡಿಯಾರ ಬಿಚ್ಚುವ ಮೊದಲು ಮುಳ್ಳುಗಳನ್ನು ನಿಧಾನವಾಗಿ ಮುಂದಕ್ಕೆ ತಿರುಗಿಸುತ್ತಾ ಕಿಟಕಿಯನ್ನೇ ನೋಡಿ. ದಿನವೂ ಮೂರು ಗಂಟೆಗೇ ತಾರೀಖು ಹಾರಿದರೆ, ಹಿಂದೆ ರಿಪೇರಿ ಮಾಡಿದವರು ಮುಳ್ಳನ್ನು ತಪ್ಪು ಸ್ಥಾನದಲ್ಲಿ ಕೂರಿಸಿರಬಹುದು. ಎರಡು ಅಂಕಿಗಳ ನಡುವೆ ಸಿಕ್ಕಿಕೊಂಡರೆ ಆ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಹಳೆಯ ಎಣ್ಣೆ ಅಂಟಾಗಿರಬಹುದು. ತಾರೀಖು ಕದಲದೇ ಇದ್ದರೆ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಪ್ರತಿ ತಿಂಗಳೂ ಒಂದೇ ಅಂಕಿಯ ಬಳಿ ನಿಂತರೆ ದೋಷ ಬಳೆಯ ಆ ಹಲ್ಲಿನದು. ಯಾವ ಅಂಕಿಯಲ್ಲೂ ಕದಲದಿದ್ದರೆ ಅನುಮಾನ ಮೊದಲು ಬೆರಳಿನ ಮೇಲೆ. ಬೆರಳು ಒಂದೇ, ಹಲ್ಲುಗಳು 31 ಅಲ್ಲವೇ! ಇಡೀ ಗಡಿಯಾರವೇ ನಡುರಾತ್ರಿ ನಿಲ್ಲುತ್ತಿದ್ದರೆ ಅದು ಶಕ್ತಿಯ ಪ್ರಶ್ನೆ. ಬಳೆಯನ್ನು ತಳ್ಳುವ ಕೆಲಸ ಹೆಚ್ಚುವರಿ ಹೊರೆ. ಸೋತ ಮುಖ್ಯ ಸ್ಪ್ರಿಂಗ್ ಅದನ್ನು ತಾಳಲಾರದು.

ತಾರೀಖನ್ನಷ್ಟೇ ಬೇಗ ಬದಲಿಸುವ ಸೌಲಭ್ಯ ಕೆಲವು ಗಡಿಯಾರಗಳಲ್ಲಿದೆ. ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ಅದನ್ನು ಮುಟ್ಟಬೇಡಿ. ಆಗ ಬೆರಳು ಹಲ್ಲಿಗೆ ಸಿಕ್ಕಿಕೊಂಡಿರುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಂದು ಏಪ್ರಿಲ್ ಮುಗಿದ ರಾತ್ರಿ, ಸುಮಾರು ಹನ್ನೆರಡೂವರೆಗೆ, ಕಿಟಕಿಯಲ್ಲಿ ಬಂದ 31ನ್ನು 1 ಮಾಡಲು ಹೊರಟೆ. ಒಳಗೆ ಟಕ್ ಎಂದಿತು. ಅದು ತಂದೆಯವರ ಗಡಿಯಾರ. ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಹಾಕಿ ನೋಡಿ, ಮುರಿದ ಬೆರಳನ್ನು ಕಾಗದದ ಮೇಲೆ ಇಟ್ಟರು; ಸಾಸಿವೆಗಿಂತ ಚಿಕ್ಕದು. "ಇದೇ ಮಾದರಿಯ ಇನ್ನೊಂದು ಸತ್ತ ಗಡಿಯಾರ ಬರಲಿ ಸಾರ್, ಅದರಿಂದ ತೆಗೆದು ಹಾಕೋಣ" ಎಂದರು. ಬರಲು ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಪ್ರತಿದಿನ ಬೆಳಿಗ್ಗೆ, ಕಾಫಿಗೆ ಮೊದಲು, ಆ ಬೆರಳಿನ ಕೆಲಸವನ್ನು ನಾನೇ ಮಾಡುತ್ತಿದ್ದೆ.