ಗೇಟ್ ಪಾಸು ನೇಮಕದ ಪತ್ರವಲ್ಲ!



ನಾನು ಪಿ.ಯು.ಸಿ. ಓದಿದ ಪ್ರೆಸ್ಸಿನವನು. ಭಾಷಣ ನನ್ನ ಕಸುಬಲ್ಲ. ಆದರೆ ಯಾರಿಗೆ ಎಲ್ಲಿ ಕೆಲಸ ಎಂಬುದು ನನಗೆ ಬೇಗ ಗೊತ್ತಾಗುತ್ತದೆ. ಮದುವೆ ಕಾರ್ಡಿನಲ್ಲಿ ವರನ ಹೆಸರಿನ ಕೆಳಗೆ ಕಂಪನಿಯ ಹೆಸರು ಹಾಕಿಸುತ್ತಾರಲ್ಲ!

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಹುಡುಗನೊಬ್ಬ ಬಂದ. ಫಿಟ್ಟರ್ ಕಲಿತವನು. "ಅಣ್ಣಾ, ಫ್ಯಾಕ್ಟರಿ ಹೆಸರು ದಪ್ಪಗೆ ಬರಲಿ" ಅಂದ. ಸರ್ಕಾರಿ ಕಾರ್ಖಾನೆ. ದಪ್ಪಗೇ ಹಾಕಿದೆ. ಮದುವೆಯಾಗಿ ಐದು ತಿಂಗಳಿಗೆ ಕಂಟ್ರಾಕ್ಟರ್ ಬದಲಾದ, ಹುಡುಗ ಬೀದಿಗೆ ಬಿದ್ದ. ಎರಡು ತಿಂಗಳ ಸಂಬಳವೂ ಬಾಕಿ. ಕಾರ್ಖಾನೆಯವರು "ನೀನು ನಮ್ಮವನಲ್ಲ" ಅಂದರು. ಅವನ ಹತ್ತಿರ ಇದ್ದದ್ದು ಒಂದು ಗೇಟ್ ಪಾಸು ಮಾತ್ರ. ಹೆಣ್ಣಿನ ತಂದೆ ಕಾರ್ಡು ಹಿಡಿದು ನನ್ನ ಅಂಗಡಿಗೇ ಬಂದರು: "ಇದನ್ನು ಅಚ್ಚು ಹಾಕಿದ್ದು ನೀವೇ ಅಲ್ಲವೇ?"

ನಾನು ಏನು ಹೇಳಲಿ?

ಅದೇ ಬೀದಿಯ ಇನ್ನೊಬ್ಬನಿಗೆ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನೇಮಕದ ಪತ್ರ, ಪಿ.ಎಫ್., ಇ.ಎಸ್.ಐ. ಎಲ್ಲ ಇದೆ. 'ಪ್ರೈವೇಟು' ಅಂತ ಅವನಿಗೆ ಹೆಣ್ಣು ಕೊಡಲು ಮೂರು ಮನೆಯವರು ಒಪ್ಪಿರಲಿಲ್ಲ!

ತಪ್ಪು ಅವರದಲ್ಲ. ಎಚ್‌ಎಎಲ್ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಹುಟ್ಟಿ ಎಷ್ಟೋ ಮನೆಗಳ ಒಲೆ ಉರಿಸಿದವು. 1983ರಲ್ಲಿ ನೇಮಕವಾದ ಸರೋಜಿನಿ ಮಹಿಷಿ ಸಮಿತಿ, ಕೇಂದ್ರದ ಉದ್ದಿಮೆಗಳ ಸಿ, ಡಿ ದರ್ಜೆಯ ಹುದ್ದೆಗಳೆಲ್ಲ ಕನ್ನಡಿಗರಿಗೆ ಸಿಗಲಿ ಎಂದಿತು. ನಾವು ಆ ವರದಿಗಾಗಿ ಕೂಗುತ್ತಿದ್ದಂತೆಯೇ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಉಳಿದ ಎಷ್ಟೋ ಕಡೆ ಕಾಯಂ ಕೆಲಸದ ಜಾಗಕ್ಕೆ ಗುತ್ತಿಗೆ ಬಂತು. ಗುತ್ತಿಗೆಯ ಕೆಲಸಕ್ಕೆ ಯಾವ ದರ್ಜೆ ಸ್ವಾಮಿ?

ಖಾಸಗಿಯವರೇನು ಸಾಧುಗಳಲ್ಲ. 2024ರ ಜುಲೈನಲ್ಲಿ ಸ್ಥಳೀಯರಿಗೆ ಕೆಲಸ ಕೊಡುವ ಮಸೂದೆಗೆ ರಾಜ್ಯದ ಸಂಪುಟ ಒಪ್ಪಿತು, ಉದ್ಯಮಿಗಳು ಗುಡುಗಿದರು, ಎರಡೇ ದಿನದಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಆ ಹೋರಾಟ ಬೇರೆ, ಮಾಡೋಣ. ಆದರೆ ನಾಳೆ ಕೆಲಸಕ್ಕೆ ಸೇರುವವನು ಫಲಕ ನೋಡಿ ಮರುಳಾಗಬೇಡ. ಸಂಬಳದ ಚೀಟಿಯಲ್ಲಿ ಯಾರ ಹೆಸರಿದೆ? ಪಿ.ಎಫ್. ನಂಬರು ಬಂತೇ? ಹಿಡಿದುಕೊಂಡ ದುಡ್ಡು ಖಾತೆಗೆ ಬಿತ್ತೇ? ಕಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಾರ್ಖಾನೆಯೇ ಕೊಡಬೇಕೆಂದು 1970ರಿಂದಲೇ ಕಾನೂನಿದೆ. ನಮ್ಮ ಹುಡುಗನಿಗೆ ಅದು ಗೊತ್ತಿರಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ.

ಕಾಗದ ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಸಹಿ ಹಾಕುವ ಮೊದಲು ಅಂಗಡಿಗೆ ತನ್ನಿ. ಜೆರಾಕ್ಸಿಗೆ ದುಡ್ಡು ತೆಗೆದುಕೊಳ್ಳುತ್ತೇನೆ, ಓದಿ ಹೇಳುವುದಕ್ಕೆ ಇಲ್ಲ.